ಹಳೇ ಬೋಟ್ ಕೊಳ್ಳುವ ಮುನ್ನ ಹಿಂಬದಿ ಬಡಿದು ನೋಡಿ

ಮೈಸೂರು, ಮಂಡ್ಯ ಸುತ್ತಮುತ್ತ ತೋಟದ ಮನೆ ಕಟ್ಟಿಕೊಂಡವರಿಗೆ, ಹೋಂಸ್ಟೇ ನಡೆಸುವವರಿಗೆ ಒಂದಲ್ಲ ಒಂದು ದಿನ ಬೋಟಿನ ಆಸೆ ಹುಟ್ಟುತ್ತದೆ. ಕಣ್ಣೆದುರಿಗೇ ಕೆಆರ್‌ಎಸ್ಸಿನ ಹಿನ್ನೀರೋ ಕಬಿನಿಯ ಹಿನ್ನೀರೋ ಇದ್ದರಂತೂ ಕೇಳುವುದೇ ಬೇಡ. ಹೊಸ ಬೋಟ್ ಕೈಗೆ ಎಟುಕುವುದಿಲ್ಲ. ಹಾಗಾಗಿ ಮಂಗಳೂರು, ಗೋವಾ, ಕೊಚ್ಚಿ ಕಡೆಯಿಂದ ಹಳೆಯದನ್ನು ತರಿಸುತ್ತಾರೆ. ನಾನೂ ಹಾಗೆ ತರಿಸಿದವನೇ. ಇದುವರೆಗೆ ಎರಡು ಕೊಂಡಿದ್ದೇನೆ, ಒಂದು ಮಾರಿದ್ದೇನೆ. ಮೊದಲನೆಯದರಲ್ಲಿ ನಾನು ಕಳೆದುಕೊಂಡ ದುಡ್ಡನ್ನು ಇನ್ನೊಬ್ಬರು ಕಳೆದುಕೊಳ್ಳಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ನೀರು ಮೊದಲು, ಬೋಟ್ ಆಮೇಲೆ

ಬೋಟ್ ಹುಡುಕುವ ಮುಂಚೆ ಅದನ್ನು ಎಲ್ಲಿ ಇಳಿಸುತ್ತೀರಿ ಎಂಬುದು ಇತ್ಯರ್ಥವಾಗಬೇಕು. ನಮ್ಮ ಭಾಗದ ಪ್ರತಿಯೊಂದು ನೀರಿಗೂ ಒಬ್ಬ ಯಜಮಾನ ಇದ್ದಾನೆ. ಕೆಆರ್‌ಎಸ್ ಜಲಾಶಯ ಕಾವೇರಿ ನೀರಾವರಿ ನಿಗಮದ್ದು. ಕಾರಂಜಿ ಕೆರೆ ಮೃಗಾಲಯದ ಆಡಳಿತದಲ್ಲಿದೆ, ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾಲಯದ್ದು. ರಂಗನತಿಟ್ಟು 1940ರಿಂದಲೂ ಪಕ್ಷಿಧಾಮ, ಅಲ್ಲಿ ಅರಣ್ಯ ಇಲಾಖೆಯ ದೋಣಿ ಬಿಟ್ಟು ಇನ್ನೊಂದಕ್ಕೆ ಜಾಗವಿಲ್ಲ. ಕಬಿನಿ ಹಿನ್ನೀರಿನ ಆಚೀಚೆ ದಡ ನಾಗರಹೊಳೆ, ಬಂಡೀಪುರದ ಕಾಡು. ಸಣ್ಣ ಕೆರೆಯಾದರೆ ಗ್ರಾಮ ಪಂಚಾಯಿತಿ ಅಥವಾ ಸಣ್ಣ ನೀರಾವರಿ ಇಲಾಖೆ. ಬರವಣಿಗೆಯಲ್ಲಿ ಅನುಮತಿ ಸಿಗುವ ತನಕ ಯಾರಿಗೂ ಮುಂಗಡ ಕೊಡಬೇಡಿ. ‘ಎಲ್ಲರೂ ಬಿಡ್ತಾರೆ, ಯಾರೂ ಕೇಳಲ್ಲ’ ಅನ್ನುವ ಮಾತು ನಂಬಿ ಬೋಟ್ ತಂದು, ಅದು ಶೆಡ್ಡಿನಲ್ಲೇ ಒಣಗುತ್ತಿರುವುದನ್ನು ನಾನು ಕಂಡಿದ್ದೇನೆ.

ನೀರಿನ ಏರಿಳಿತವನ್ನೂ ಲೆಕ್ಕ ಹಾಕಿ. ಕೆಆರ್‌ಎಸ್ಸಿನ ಗರಿಷ್ಠ ಮಟ್ಟ 124.80 ಅಡಿ. ಬೇಸಿಗೆಯಲ್ಲಿ ಅದು 90 ಅಡಿಗಿಂತ ಕೆಳಗೆ ಇಳಿದ ವರ್ಷಗಳಿವೆ. ಆಗ ನಿಮ್ಮ ಮನೆಯ ಮುಂದಿದ್ದ ನೀರು ಎಷ್ಟೋ ದೂರ ಹಿಂದೆ ಸರಿದಿರುತ್ತದೆ, ನಡುವೆ ಬರೀ ಕೆಸರು. ಟ್ರೈಲರ್ ಮೇಲಿನ ಭಾರದ ಬೋಟನ್ನು ಆ ಕೆಸರು ದಾಟಿಸಲು ಟ್ರ್ಯಾಕ್ಟರೇ ಬೇಕು. ನಾಲ್ಕು ಜನ ಎತ್ತಿ ಒಯ್ಯಬಹುದಾದಷ್ಟು ಹಗುರದ ಬೋಟೇ ನಮ್ಮ ಕಡೆಗೆ ಸರಿ ಎಂಬುದು ನನ್ನ ಅಭಿಪ್ರಾಯ.

ಹಿಂಬದಿಯ ಹಲಗೆ

ಫೈಬರ್ ಬೋಟಿನ ಹಿಂಭಾಗದಲ್ಲಿ ಇಂಜಿನ್ ಕಚ್ಚಿಕೊಂಡು ಕೂರುವ ದಪ್ಪ ಗೋಡೆಯೊಂದಿರುತ್ತದೆ. ಬೋಟಿನವರು ಅದಕ್ಕೆ ಟ್ರಾನ್ಸಮ್ ಅನ್ನುತ್ತಾರೆ. ಹೊರಗೆ ನುಣುಪಾದ ಫೈಬರ್, ಒಳಗೆ ಬಹುಪಾಲು ಪ್ಲೈವುಡ್. ಇಂಜಿನ್ನಿನ ಭಾರ, ತಳ್ಳುವ ಶಕ್ತಿ ಎಲ್ಲವನ್ನೂ ಹೊರುವುದು ಇದೇ. ಇಂಜಿನ್ ಕೂರಿಸಲು ಕೊರೆದ ತೂತುಗಳ ಸುತ್ತ ಸೀಲೆಂಟ್ ಬಿಟ್ಟುಕೊಂಡರೆ ಹನಿಹನಿಯಾಗಿ ನೀರು ಒಳಗಿಳಿದು ಪ್ಲೈವುಡ್ ಕೊಳೆಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ನಾನು ಕೊಂಡ ಮೊದಲ ಬೋಟಿಗೆ ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದರು, ಕನ್ನಡಿಯಂತೆ ಹೊಳೆಯುತ್ತಿತ್ತು. ಮೂರನೇ ತಿಂಗಳಿಗೆ ಇಂಜಿನ್ ಹಿಂದಕ್ಕೆ ವಾಲತೊಡಗಿತು. ನಮ್ಮೂರಿನ ಪಂಪ್‌ಸೆಟ್ ಮೆಕ್ಯಾನಿಕ್ ಒಂದು ಬೋಲ್ಟ್ ಬಿಚ್ಚಿ, ಆ ತೂತಿಗೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದ. ಹಿಡಿಕೆಯವರೆಗೂ ಹೋಯಿತು. ಹೊರಗೆಳೆದಾಗ ಅದರ ತುದಿಯಲ್ಲಿ ಕಾಫಿ ಫಿಲ್ಟರಿನಲ್ಲಿ ಉಳಿಯುತ್ತದಲ್ಲ, ಅಂಥದ್ದೇ ಕಪ್ಪನೆಯ ಒದ್ದೆ ಪುಡಿ. ‘ಇದ್ರೊಳ್ಗೆ ಮರ ಎಲ್ಲೈತಣ್ಣೋ? ಬರೀ ಚರಟ’ ಅಂದ. ಮೂಗಿಗೆ ಬಡಿದ ಆ ಮುಗ್ಗಲು ವಾಸನೆ ಇವತ್ತಿಗೂ ನೆನಪಿದೆ. ಹಿಂಭಾಗ ಕತ್ತರಿಸಿ ಹೊಸದು ಕಟ್ಟಿಸಲು ಆದ ಖರ್ಚು ಬೋಟಿನ ಬೆಲೆಯ ಅರ್ಧಕ್ಕೆ ಬಂತು.

ಪರೀಕ್ಷೆ ಕಷ್ಟದ್ದೇನಲ್ಲ. ಹಲಸಿನಹಣ್ಣು ಬಡಿದು ನೋಡುವ ಹಾಗೆ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಟ್ರಾನ್ಸಮ್ಮನ್ನು ಅಂಗುಲ ಅಂಗುಲವಾಗಿ ಬಡಿಯುತ್ತಾ ಬನ್ನಿ. ಗಟ್ಟಿ ಇದ್ದ ಕಡೆ ಟಕ್ ಟಕ್ ಎಂದು ಬಿಗಿಯಾದ ಸದ್ದು, ಕೊಳೆತಲ್ಲಿ ಡಬ್ ಎಂಬ ಮಂಕು ಸದ್ದು. ಆಮೇಲೆ ಇಂಜಿನ್ನಿನ ಕೆಳಭಾಗ ಹಿಡಿದು ಮೇಲಕ್ಕೂ ಕೆಳಕ್ಕೂ ಜೋರಾಗಿ ಅಲ್ಲಾಡಿಸಿ, ಜೊತೆಗೆ ಬಂದವರು ಟ್ರಾನ್ಸಮ್ ಮೇಲೇ ಕಣ್ಣಿಟ್ಟಿರಲಿ. ಅದು ಬಾಗಿದರೆ ಅಥವಾ ಮೂಲೆಗಳಲ್ಲಿ ಕೂದಲೆಳೆಯ ಬಿರುಕು ಬಾಯಿ ತೆರೆದರೆ ಆ ಬೋಟ್ ಬೇಡ. ನೆಲದ ಮೇಲೂ ಬರಿಗಾಲಲ್ಲಿ ಓಡಾಡಿ. ಮೆತ್ತಗಿರುವ ಜಾಗ ಕಾಲಿಗೆ ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ಉಪಾಯ ಮಂಡ್ಯದವರಿಗೆ ಸುಲಭ. ಬೋಟ್ ತೇಲಲೆಂದು ನೆಲದಡಿ ತುಂಬಿರುವ ಫೋಮ್ ವರ್ಷಗಟ್ಟಲೆ ನೀರು ಕುಡಿದರೆ ತೂಕ ವಿಪರೀತ ಏರುತ್ತದೆ. ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್‌ಗೆ ಟ್ರೈಲರ್ ಸಮೇತ ಹತ್ತಿಸಿ, ಆಮೇಲೆ ಖಾಲಿ ಟ್ರೈಲರ್ ತೂಗಿಸಿ ಕಳೆಯಿರಿ. ಇಂಜಿನ್, ಇಂಧನದ ಭಾರವನ್ನೂ ಬಿಟ್ಟ ಮೇಲೆ ಬೋಟ್ ತಯಾರಿಸಿದವರು ಹೇಳಿದ ತೂಕಕ್ಕಿಂತ ನೂರಾರು ಕಿಲೋ ಹೆಚ್ಚು ಬಂದರೆ ಒಳಗೆ ನೀರಿದೆ ಎಂದೇ ತಿಳಿಯಿರಿ.

ತಣ್ಣಗಿನ ಇಂಜಿನ್

ನೋಡಲು ಬರುತ್ತೇನೆ ಎಂದು ಫೋನ್ ಮಾಡಿದಾಗಲೇ ‘ನಾನು ಬರೋವರೆಗೂ ಸ್ಟಾರ್ಟ್ ಮಾಡಬೇಡಿ’ ಅಂದುಬಿಡಿ. ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗುವ ತೊಂದರೆಯನ್ನು ಮುಚ್ಚಿಟ್ಟಿರಬಹುದು. ಔಟ್‌ಬೋರ್ಡ್ ಇಂಜಿನ್ನನ್ನು, ಅಂದರೆ ಹೀಗೆ ಹಿಂಬದಿಗೆ ಹೊರಗಿನಿಂದ ಕೂರಿಸುವ ಇಂಜಿನ್ನನ್ನು, ನೀರಿಲ್ಲದೆ ಓಡಿಸಲೇಬಾರದು, ನೀರೆತ್ತುವ ರಬ್ಬರ್ ಇಂಪೆಲ್ಲರ್ ಸ್ವಲ್ಪ ಹೊತ್ತಿಗೇ ಸುಟ್ಟುಹೋಗುತ್ತದೆ. ಇಂಜಿನ್ನಿನ ಕಾಲು ಮುಳುಗುವಂತೆ 200 ಲೀಟರ್ ಡ್ರಮ್ಮಿನಲ್ಲಿ ನೀರಿಟ್ಟು ಓಡಿಸಲಿ. ಪಕ್ಕದ ಪುಟ್ಟ ತೂತಿನಿಂದ ಬೆಚ್ಚನೆಯ ನೀರಿನ ಎಳೆ ಒಂದೇ ಸಮನೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಇಂಪೆಲ್ಲರ್ ಸವೆದಿದೆ, ಇಲ್ಲವೇ ಒಳದಾರಿ ಕಟ್ಟಿಕೊಂಡಿದೆ.

ಗೇರ್ ಆಯಿಲ್ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಬೆರಳಿಗೆ ಹಚ್ಚಿಕೊಳ್ಳಿ. ಹಾಲು ಬೆರೆಸಿದಂತೆ ಬಿಳಿಚಿಕೊಂಡಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಪ್ರತಿ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆಸಿ. ಒಂದಕ್ಕೂ ಇನ್ನೊಂದಕ್ಕೂ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಹಿಂದೆ ಸರಿಯಿರಿ. ಪ್ರೊಪೆಲ್ಲರಿನ ಅಂಚನ್ನೂ ಸವರಿ ನೋಡಿ. ಕಬಿನಿ ಹಿನ್ನೀರಿನಲ್ಲಿ ಮುಳುಗಿ ನಿಂತ ಒಣಮರಗಳಿವೆ, ಬೊಡ್ಡೆಗೆ ತಗುಲಿದ ಪ್ರೊಪೆಲ್ಲರ್ ಒಳಗಿನ ಶಾಫ್ಟನ್ನೂ ಬಾಗಿಸಿರಬಹುದು.

ಕರಾವಳಿಯಿಂದ ಬಂದ ಇಂಜಿನ್ನಾದರೆ ಮುಚ್ಚಳ ತೆಗೆದು ಬೋಲ್ಟ್‌ಗಳ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಹುಡುಕಿ. ಉಪ್ಪು ನೀರಿನಲ್ಲಿ ದುಡಿದು, ಸಿಹಿ ನೀರಿನಲ್ಲಿ ತೊಳೆಸಿಕೊಳ್ಳದ ಇಂಜಿನ್ ಒಳಗಿಂದಲೇ ಸವೆದಿರುತ್ತದೆ. ಮೀನುಗಾರಿಕೆಯಲ್ಲಿ ಬಳಸಿದ ಸೀಮೆಎಣ್ಣೆ ಇಂಜಿನ್ನುಗಳೂ ಮಾರಾಟಕ್ಕೆ ಬರುತ್ತವೆ, ಮೋಜಿನ ಬೋಟಿಗೆ ಅವು ಬೇಡ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಟ್ಟರೆ ಅದು ನೀರು ಹೀರಿಕೊಳ್ಳುತ್ತದೆ, ಹಳೇ ರಬ್ಬರ್ ಪೈಪುಗಳನ್ನು ಹಾಳು ಮಾಡುತ್ತದೆ. ಪೈಪುಗಳನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ.

ಇಂಜಿನ್ ಇಲ್ಲದವು

ಗಾಳಿ ತುಂಬುವ ಬೋಟಾದರೆ ರಾತ್ರಿಯಿಡೀ ತುಂಬಿಸಿಟ್ಟು ಬೆಳಿಗ್ಗೆ ಸೋಪಿನ ನೀರು ಬಳಿಯಿರಿ. ಪ್ಲಾಸ್ಟಿಕ್ ಕಯಾಕ್ ಬಿಸಿಲಿಗೆ ಬಣ್ಣಗೆಟ್ಟು ಪೆಡಸಾಗಿದ್ದರೆ ಬಿಡಿ. ತೆಪ್ಪ ಹಳೆಯದು ಕೊಳ್ಳುವುದಕ್ಕಿಂತ ತಲಕಾಡಿನಂಥ ಕಡೆ ಹುಟ್ಟು ಹಾಕುವವರ ಹತ್ತಿರ ಕೇಳಿ ಹೊಸದನ್ನೇ ಹೆಣೆಸುವುದು ಒಳ್ಳೆಯದು.

ಕಾಗದ ಪತ್ರ

1917ರ ಹಳೇ ಕಾನೂನಿನ ಜಾಗಕ್ಕೆ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಇಂಜಿನ್ ಇರುವ ದೋಣಿಗೆ ಸರ್ವೆ, ನೋಂದಣಿ, ವಿಮೆ ಇರಬೇಕು. ನೋಂದಣಿ ಪತ್ರದಲ್ಲಿರುವ ನಂಬರು ಬೋಟಿನ ಮೇಲಿನದಕ್ಕೂ, ಬಿಲ್ಲಿನಲ್ಲಿರುವ ಇಂಜಿನ್ ನಂಬರು ಇಂಜಿನ್ನಿನ ಬ್ರಾಕೆಟ್ ಮೇಲಿನದಕ್ಕೂ ಹೊಂದಬೇಕು. ನಂಬರನ್ನು ಉಜ್ಜಿ ಅಳಿಸಿದ ಇಂಜಿನ್ ಪುಕ್ಕಟೆ ಕೊಟ್ಟರೂ ಬೇಡ. ಸಾಲದ ಬೋಟಾದರೆ ಬ್ಯಾಂಕಿನಿಂದ ಸಾಲ ತೀರಿದ ಪತ್ರ ಕೇಳಿ.

ಜನರನ್ನು ಕೂರಿಸಿಕೊಂಡು ಹೋಗುವ ಉದ್ದೇಶವಿದ್ದರೆ ಬೇರೆ ಕೆಲಸಕ್ಕೆ ಕಟ್ಟಿದ ದೋಣಿಯನ್ನು ಮಾರ್ಪಡಿಸಿದ್ದು ಎಷ್ಟೇ ಅಗ್ಗವಿರಲಿ ಮುಟ್ಟಬೇಡಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿ 22 ಜನರನ್ನು ಬಲಿ ತೆಗೆದುಕೊಂಡದ್ದು ಮೀನುಗಾರಿಕೆ ದೋಣಿಯನ್ನು ಪ್ರವಾಸಿ ಬೋಟ್ ಮಾಡಿಕೊಂಡದ್ದೇ. ಅದು ಸಾಲದೆಂಬಂತೆ ವಿಪರೀತ ಜನ ಬೇರೆ. ಸತ್ತವರಲ್ಲಿ ಮಕ್ಕಳೂ ಇದ್ದರು.

ಇಷ್ಟೆಲ್ಲ ಆದ ಮೇಲೆ ನೀರಿಗಿಳಿಸಿ ನೋಡದೆ ದುಡ್ಡು ಎಣಿಸಬೇಡಿ. ಒಬ್ಬರೇ ಅಲ್ಲ, ಮುಂದೆ ಎಷ್ಟು ಜನ ಕೂರುವಿರೋ ಅಷ್ಟು ಜನರೂ ಲೈಫ್ ಜಾಕೆಟ್ ಹಾಕಿ ಕೂತು ಅರ್ಧ ಗಂಟೆ ಓಡಿಸಿ. ಚೌಕಾಸಿಗೆ ಜೂನ್‌ನಿಂದ ಆಗಸ್ಟ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆಯಲ್ಲಿ ದೋಣಿ ವಿಹಾರ ನಿಲ್ಲುತ್ತದೆ, ಮಾರುವವರಿಗೂ ಬೋಟ್ ಸುಮ್ಮನೆ ಕಟ್ಟಿಡಲು ಮನಸ್ಸಿರುವುದಿಲ್ಲ.

ಮಾರುವವರಿಗೆ

ತೊಳೆಯಿರಿ, ಪಾಲಿಶ್ ಮಾಡಿಸಿ, ಆದರೆ ಹೊಸ ಬಣ್ಣ ಬಳಿಸಬೇಡಿ. ತಿಳಿದವರಿಗೆ ಹೊಸ ಬಣ್ಣ ಕಂಡರೆ ಅನುಮಾನವೇ ಮೊದಲು. ನನ್ನ ಬೋಟ್ ಮಾರುವಾಗ ಟ್ರಾನ್ಸಮ್ ರಿಪೇರಿ ಮಾಡಿಸಿದ ಫೋಟೊಗಳನ್ನೂ ಬಿಲ್ಲನ್ನೂ ಮೊದಲೇ ಮುಂದಿಟ್ಟೆ. ಬಂದಿದ್ದ ಪಾಂಡವಪುರದ ಗಿರಾಕಿ ಬೇರೆ ಯಾವುದಕ್ಕೂ ಚೌಕಾಸಿ ಮಾಡಲಿಲ್ಲ. ಹಣ ಪಡೆಯಲು ನೀವು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಹಾಗೆ ಕೇಳುವವರ ಫೋನ್ ಇಟ್ಟುಬಿಡಿ. ಛಾಪಾ ಕಾಗದದ ಕರಾರಿನಲ್ಲಿ ಬೋಟ್ ನಂಬರು, ಇಂಜಿನ್ ನಂಬರು, ನೀವು ಹೇಳಿದ ದೋಷಗಳು, ಕೈಬದಲಾದ ದಿನ ಮತ್ತು ಗಂಟೆ ಎಲ್ಲವೂ ಇರಲಿ. ಹೆಸರು ಬದಲಾವಣೆಯ ಅರ್ಜಿಗೆ ಅವತ್ತೇ ಇಬ್ಬರೂ ಸಹಿ ಹಾಕಿ. ಇಲ್ಲದಿದ್ದರೆ ನಾಳೆ ಆ ಬೋಟಿನಿಂದ ಏನಾದರೂ ಆದರೆ ನೋಟಿಸ್ ಬರುವುದು ನಿಮ್ಮ ಮನೆಗೆ.

ಹೊರಡುವಾಗ ಕೀಲಿಯ ಜೊತೆ ಎರಡು ವಸ್ತುಗಳನ್ನು ಕೊಂಡವರ ಕೈಗೇ ಕೊಡಿ. ಒಂದು, ಓಡಿಸುವವರು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುವ ಕೆಂಪು ದಾರ. ಅವರು ನೀರಿಗೆ ಬಿದ್ದರೆ ಅದು ಕಿತ್ತು ಬಂದು ಇಂಜಿನ್ ನಿಲ್ಲುತ್ತದೆ. ಇನ್ನೊಂದು, ಬೋಟಿನ ತಳದ ನೀರು ಬಿಡುವ ತೂತಿನ ಹಿತ್ತಾಳೆ ಬಿರಡೆ. ನೀರಿಗಿಳಿಸುವ ಮುಂಚೆ ಅದನ್ನು ಎಲ್ಲಿ, ಹೇಗೆ ತಿರುಪಬೇಕು ಎಂದು ಕೂರಿಸಿ ತೋರಿಸಿ, ಅವರ ಕೈಯಲ್ಲೂ ಒಮ್ಮೆ ತಿರುಪಿಸಿ.