ಪರದೆ ಮೇಲಿನ ಹೆಸರು ನೋಡಿ ನಂಬಬೇಡಿ: ಕರೆ ಪರೀಕ್ಷಿಸುವುದು ಹೀಗೆ

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿ, ದುಡ್ಡು ಖಾತೆಗೆ ಬರುವುದನ್ನೇ ಕಾಯುತ್ತಿರುವ ರೈತರಿಗೆ ‘ಬ್ಯಾಂಕ್ ಮ್ಯಾನೇಜರ್’ ಎಂಬ ಹೆಸರಲ್ಲಿ ಕರೆ ಬಂದರೆ ಎತ್ತದೇ ಇರುತ್ತಾರಾ? ಆ ಕಡೆಯಿಂದ ‘ಸಾಹೇಬ್ರ, ನಿಮ್ಮ ಕಾರ್ಡ್ ಬಂದ್ ಆಗೇತಿ’ ಎಂಬ ಮಾತು ಕೇಳಿದರೆ ನಂಬಿಕೆ ಇನ್ನೂ ಜಾಸ್ತಿ.

ಮೊದಲು ಆ ಹೆಸರು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ. ಟ್ರೂಕಾಲರ್‌ನಂಥ ಆ್ಯಪ್‌ಗಳು ತೋರಿಸುವ ಹೆಸರನ್ನು ಹೆಚ್ಚಾಗಿ ಬಳಕೆದಾರರೇ ಕೊಟ್ಟಿರುತ್ತಾರೆ. ಸಿಮ್ ಯಾರ ಹೆಸರಲ್ಲಿದೆಯೋ ಅದೇ ಬರಬೇಕೆಂದಿಲ್ಲ. ಉಲ್ಟಾ ಕೂಡ ಆಗುತ್ತದೆ. ದಿನವಿಡೀ ರೈತರಿಗೆ ಧಾರಣೆ ಹೇಳುವ ದಲಾಲಿ ಅಂಗಡಿಯ ಗುಮಾಸ್ತರ ನಂಬರಿಗೆ ‘ಸ್ಪ್ಯಾಮ್’ ಎಂಬ ಕೆಂಪು ಹಣೆಪಟ್ಟಿ ಬೀಳಬಹುದು.

ನಂಬರೂ ಸುಳ್ಳಾಗಬಹುದು. ವಿದೇಶದಿಂದ ಇಂಟರ್ನೆಟ್ ಮೂಲಕ ಮಾಡಿದ ಕರೆಗೆ +91 ನಂಬರ್ ಅಂಟಿಸಿ ಕಳಿಸುತ್ತಾರೆ, ಇದೇ ಸ್ಪೂಫಿಂಗ್. ಇಂಥವನ್ನು ತಡೆಯಲು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಒಂದು ವ್ಯವಸ್ಥೆ ತಂದಿತು. ಆದರೆ ಸಿಮ್ ಬಾಕ್ಸ್ (ಹಲವು ಸಿಮ್ ಹಾಕಿ ಕರೆ ಮಾಡುವ ಯಂತ್ರ) ಇಟ್ಟು ವಿದೇಶಿ ಕರೆಯನ್ನು ಇಲ್ಲಿಯ ಸಿಮ್‌ನಿಂದಲೇ ಹೊರಡಿಸಿದರೆ, ನಂಬರ್ ನಿಜವಾಗಿಯೂ ಸ್ಥಳೀಯದ್ದೇ ಆಗಿರುತ್ತದೆ.

ಹಾಗಾಗಿ ಹಣದ ಮಾತು ಬಂತೋ, ‘ನಾನೇ ಶಾಖೆಗೆ ಬರ್ತೀನ್ರಿ’ ಎಂದು ಫೋನ್ ಕಟ್ ಮಾಡಿ. ಬಂದ ನಂಬರಿಗೇ ವಾಪಸ್ ಮಾಡಬೇಡಿ, ಅದು ವಂಚಕರದ್ದೇ ಇರಬಹುದು. ಎಟಿಎಂ ಕಾರ್ಡಿನ ಹಿಂದಿರುವ ಬ್ಯಾಂಕಿನ ಸಹಾಯವಾಣಿ ನಂಬರನ್ನು ನೀವೇ ಒತ್ತಿ ಕೇಳಿ. ಬ್ಯಾಂಕುಗಳ ಸೇವಾ ಕರೆಗೆ 1600ರಿಂದ, ಜಾಹೀರಾತಿಗೆ 140ರಿಂದ ಶುರುವಾಗುವ ನಂಬರ್‌ಗಳು ಮೀಸಲಿವೆ. ನೆನಪಿಡಿ, ಆದರೆ 1600 ಕಂಡಿತೆಂದು ಒಟಿಪಿ ಹೇಳಬೇಡಿ.

‘ಪಾರ್ಸೆಲ್ ಬಂದಿದೆ, *401* ಒತ್ತಿ ಈ ನಂಬರ್ ಹಾಕಿ’ ಎಂದರೆ ಒತ್ತಲೇಬೇಡಿ. ನಿಮಗೆ ಬರುವ ಕರೆಗಳನ್ನೆಲ್ಲ ಅವರ ಫೋನಿಗೆ ತಿರುಗಿಸುವ ದಾರಿ ಅದು. ಆಗಲೇ ಒತ್ತಿದ್ದರೆ ಫೋನ್ ಸೆಟ್ಟಿಂಗ್ಸ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ತೆರೆದು ಎಲ್ಲವನ್ನೂ ಆಫ್ ಮಾಡಿ.

ಅಪರಿಚಿತ ಕರೆಗಳನ್ನು ಸುಮ್ಮನಾಗಿಸುವ ಸೌಲಭ್ಯ ಒಳ್ಳೆಯದೇ. ಆದರೆ ಮನೆಯವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಗ ಅದನ್ನು ಆಫ್ ಇಡಿ. ವಾರ್ಡಿನಿಂದ ಬರುವ ಕರೆಯೂ ಅದಕ್ಕೆ ಅಪರಿಚಿತವೇ ಅಲ್ವಾ?

ಅನುಮಾನದ ಕರೆ ಬಂದರೆ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ವೆಬ್‌ಸೈಟ್ ಅಥವಾ ಆ್ಯಪ್‌ನ ‘ಚಕ್ಷು’ ವಿಭಾಗದಲ್ಲಿ ತಿಳಿಸಿ. ಹಣ ಹೋಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕರೆ ಬಂದ ನಂಬರ್, ಸಮಯ, ಹಣ ಕಡಿತವಾದ ಮೆಸೇಜ್ ಕೈಯಲ್ಲಿರಲಿ.