ನಾಯಿಗೆ ನೆರಳು, ಸೋಲಾರ್‌ಗೆ ಬಿಸಿಲು

ಟಿಟಿಯಲ್ಲೇ, ಅಂದರೆ ಟೆಂಪೋ ಟ್ರಾವೆಲರ್ ಗಾಡಿಯಲ್ಲೇ, ಸಂಸಾರ ಹೂಡಿ 14 ತಿಂಗಳಾಯಿತು. ನಾನು, ನಮ್ಮನೆಯವರು, ಗುಂಡ ಅನ್ನೋ 18 ಕೆಜಿಯ ಬೀದಿ ನಾಯಿ, ಮಿಂಚಿ ಅನ್ನೋ ಬೆಕ್ಕು. ದಾವಣಗೆರೆ ವಿದ್ಯಾನಗರದ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ, ಆ ಬಾಡಿಗೆಯೇ ಡೀಸೆಲ್ಲು. ನಾನು ಅಂಗಡಿಗಳವರಿಗೆ ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ಹಾಗಾಗಿ ತಿಂಗಳ 11 ಮತ್ತು 20ನೇ ತಾರೀಖಿಗೆ ಎಲ್ಲಿದ್ದರೂ ಸಿಗ್ನಲ್ ಇರೋ ಕಡೆ ಬಂದು ಕೂರಬೇಕು. ಉಳಿದ ದಿನ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಅನ್ನೋದನ್ನೆಲ್ಲ ನಿಜವಾಗಿ ತೀರ್ಮಾನ ಮಾಡೋದು ಗುಂಡ.

ಈ ಹುಚ್ಚು ಹತ್ತಿದ್ದು ಮಾರಿಕಣಿವೆಯಲ್ಲಿ. 2022ರಲ್ಲಿ ಡ್ಯಾಮು ಕೋಡಿ ಬಿತ್ತಲ್ಲ, 1933ರ ನಂತರ ಅದೇ ಮೊದಲು, ಊರೂರಿಂದ ಜನ ನೋಡೋಕೆ ಹೋದರು. ನಾವೂ ನೆಂಟರ ಜೊತೆ ಬಾಡಿಗೆ ಟಿಟಿ ಮಾಡಿಕೊಂಡು ಹೊರಟೆವು. ಡ್ರೈವರ್ ನಾಯಿ ಹತ್ತಿಸೋಕೆ ಒಪ್ಪಲಿಲ್ಲ. ಗುಂಡನನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದರೆ ಅವನು ಸಂಜೆವರೆಗೂ ಗೇಟಿನ ಹತ್ತಿರ ಕೂತು, ಒಂದು ತುತ್ತೂ ಮುಟ್ಟಿರಲಿಲ್ಲ. ವಾಪಸ್ ಬರುವಾಗ ನಮ್ಮನೆಯವರು ಸುಮ್ನೆ ಕೂತವರು ಹಿರಿಯೂರು ದಾಟಿದ ಮೇಲೆ, "ಇಂಥದ್ದೊಂದು ನಮ್ದೇ ಇದ್ರೆ?" ಅಂದರು. ನಾನು ತಮಾಷೆ ಅಂದುಕೊಂಡೆ.

ಹಳೇ ಟಿಟಿ ಆರೂವರೆ ಲಕ್ಷಕ್ಕೆ ಸಿಕ್ಕಿತು, ಒಳಗಿನ ಕೆಲಸಕ್ಕೆ ಇನ್ನೊಂದು ನಾಲ್ಕು ಲಕ್ಷ ಹೋಯಿತು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಸೀಟು ಕಿತ್ತು ಮಂಚ, ಅಡುಗೆಮನೆ ಹಾಕಿದರೆ ಅದು ಆರ್‌ಸಿಯಲ್ಲಿ ಬರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರೋದೇ ಅದಕ್ಕೆ. ಮೊದಲು ಆರ್‌ಟಿಒ ಅನುಮತಿ, ಆಮೇಲೆ ಕೆಲಸ. ನಮ್ಮ ಏಜೆಂಟ್ "ಮೊದ್ಲು ಮಾಡ್ಸಿ ಮೇಡಂ, ಆಮೇಲೆ ನೋಡ್ಕೊಳ್ಳೋಣ" ಅಂದ. ಅವನ ಮಾತು ಕೇಳಿ ಎರಡು ತಿಂಗಳು ಗಾಡಿ ಮನೆ ಮುಂದೆಯೇ ನಿಂತಿತ್ತು. ಹಾಗೇ ಓಡಿಸಿದ್ದರೆ, ನಾಳೆ ಏನಾದರೂ ಆದಾಗ ಇನ್ಶೂರೆನ್ಸ್‌ನವರು ಕೈ ಎತ್ತುತ್ತಿದ್ದರು.

ಒಳಗಿನ ಅಳತೆಯೆಲ್ಲ ಮೊದಲು ಪ್ರಾಣಿಗಳದ್ದು, ಆಮೇಲೆ ನಮ್ಮದು. ಹಿಂದೆ ಅಡ್ಡಡ್ಡ ಮಂಚ, ಅದರ ಕೆಳಗೆ ಗುಂಡನ ಜಾಗ. ನೆಲಕ್ಕೆ ಮೊದಲು ಚೆಂದ ಕಾಣಲಿ ಅಂತ ವಿನೈಲ್ ಹಾಕಿಸಿದ್ದೆ. ಬ್ರೇಕ್ ಹಾಕಿದಾಗೆಲ್ಲ ಗುಂಡ ಜಾರಿ ಸಿಂಕ್‌ಗೆ ಬಡಿಯುತ್ತಿದ್ದ. ಕೊನೆಗೆ ಹಸುವಿನ ಕೊಟ್ಟಿಗೆಗೆ ಹಾಕುತ್ತಾರಲ್ಲ, ಆ ದಪ್ಪ ರಬ್ಬರ್ ಮ್ಯಾಟ್ ತಂದು ಹಾಸಿದೆವು. ಜಾರಲ್ಲ, ಎತ್ತಿ ತೊಳೆಯಬಹುದು, ಇಡೀ ಗಾಡಿಯಲ್ಲಿ ನಾನು ದುಡ್ಡು ಹಾಕಿ ಬೇಜಾರಾಗದ ವಸ್ತು ಅದೊಂದೇ. ಬೆಕ್ಕಿನ ಕಕ್ಕಸಿನ ಟ್ರೇಗೆ ಅಂಗಡಿಯ ಲಿಟ್ಟರ್ (ಮಣ್ಣಿನಂಥ ಹರಳು) ತರೋದು ತಿಂಗಳಿಗೇ ಬಿಟ್ಟೆ, ಭಾರ ಜಾಸ್ತಿ, ಹಳ್ಳಿಗಳಲ್ಲಿ ಸಿಗೋದೂ ಇಲ್ಲ. ನಮ್ಮ ಕಡೆ ರೈಸ್ ಮಿಲ್‌ಗಳಿಗೇನು ಕಮ್ಮಿ, ಭತ್ತದ ಹೊಟ್ಟು ಹಾಕಿ ನೋಡಿದೆ. ಮಿಂಚಿ ಕಾಲಿಗೆ ಅಂಟಿಸಿಕೊಂಡು ಬಂದು ನನ್ನ ದಿಂಬಿನ ಮೇಲೆ ಒದರುತ್ತಿದ್ದಳು. ಈಗ ಸಾಮಿಲ್‌ನ ಮರದ ಹೊಟ್ಟು, ಒಂದು ಚೀಲ ಇದ್ದರೆ ಸುಮಾರು ದಿನ ಬರುತ್ತೆ.

ಈಗ ಸೆಕೆಯ ವಿಷಯ. ಈ ಬದುಕಿನಲ್ಲಿ ಕಷ್ಟದ್ದು ಅಂದರೆ ಇದೊಂದೇ, ಮಿಕ್ಕಿದ್ದೆಲ್ಲ ರೂಢಿಯಾಗುತ್ತೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣ್ಣಗೆ ಮಾಡಿಕೊಳ್ಳಬೇಕು. ಅದರ ಮೈಬಿಸಿ ಮಾಮೂಲಿಗೆ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಅಪಾಯ. ಬಿಸಿಲಲ್ಲಿ ನಿಂತ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 15ರಿಂದ 20 ಡಿಗ್ರಿ ಏರುತ್ತೆ, ಗಾಜು ಎರಡು ಬೆರಳು ಇಳಿಸಿಟ್ಟರೂ ಅಂಥ ವ್ಯತ್ಯಾಸ ಏನೂ ಇಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗೇ 38, 39 ಇರುತ್ತೆ. ಲೆಕ್ಕ ನೀವೇ ಹಾಕಿ.

ಹಾಗಾದರೆ ಎಸಿ ಹಾಕಿಸಿ ಅಂತಾರೆ ಎಲ್ಲರೂ. ನಾವೂ ಅಮೆರಿಕದವರ ವಿಡಿಯೋ ನೋಡಿ ಹಾಗೇ ಅಂದುಕೊಂಡಿದ್ದೆವು. ಅವರದು ಆರ್‌ವಿ, ಅಂದರೆ ಮನೆಯಂಥದ್ದೇ ಗಾಡಿ, ನಿಲ್ಲಿಸೋಕೆ ಅಂತಲೇ ಪಾರ್ಕುಗಳಿವೆ, ವೈರ್ ಚುಚ್ಚಿದರೆ ಕರೆಂಟು, ಪೈಪ್ ಹಾಕಿದರೆ ನೀರು, ಕಕ್ಕಸಿನ ಟ್ಯಾಂಕ್ ಖಾಲಿ ಮಾಡೋಕೂ ಜಾಗ. ನಾವು ರಾತ್ರಿ ನಿಲ್ಲೋದು ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ಗುಡಿ ಮುಂದೆ, ಇಲ್ಲಾ ಯಾರದೋ ಅಡಿಕೆ ತೋಟದ ಬದುವಿನಲ್ಲಿ. ನಮ್ಮ ಬ್ಯಾಟರಿ 12 ವೋಲ್ಟ್, 200 ಆಂಪಿಯರ್ ಅವರ್, ಅಂದರೆ ಪೂರ್ತಿ ತುಂಬಿದರೆ ಎರಡೂವರೆ ಯೂನಿಟ್. ಒಂದು ಟನ್ನಿನ ಎಸಿ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತೆ. ಮಧ್ಯಾಹ್ನ ಹನ್ನೆರಡಕ್ಕೆ ಹಾಕಿದರೆ ಎರಡೂವರೆಗೆ ಖಲಾಸ್, ನಿಜವಾದ ಸೆಕೆ ಶುರುವಾಗೋದೇ ಆವಾಗ. ಅದೇ ಚಾವಣಿ ಫ್ಯಾನ್ ಆದರೆ 35 ವಾಟ್, ಇಡೀ ದಿನ ತಿರುಗಿದರೂ ಒಂದು ಯೂನಿಟ್ ಆಗಲ್ಲ.

ಚಾವಣಿ ಮೇಲೆ 330 ವಾಟಿನ ಎರಡು ಸೋಲಾರ್ ಪ್ಯಾನೆಲ್ ಕೂರಿಸಿದ್ದೆವು. ಒಂದು ವಾರದಲ್ಲೇ ನಮ್ಮ ಬುದ್ಧಿವಂತಿಕೆ ಗೊತ್ತಾಯಿತು. ನಾಯಿಗೆ ಬೇಕಾಗಿದ್ದು ನೆರಳು, ಪ್ಯಾನೆಲ್‌ಗೆ ಬೇಕಾಗಿದ್ದು ಬಿಸಿಲು, ಎರಡೂ ಒಂದೇ ಗಾಡಿ ಮೇಲೆ! ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಬ್ಯಾಟರಿ ಸಾಯುತ್ತಿತ್ತು, ಬಯಲಲ್ಲಿ ನಿಲ್ಲಿಸಿದರೆ ನಾವು. ಆಮೇಲೆ ಒಂದು ಪ್ಯಾನೆಲ್ ಬಿಚ್ಚಿ, ಸ್ಟ್ಯಾಂಡ್ ಮಾಡಿಸಿ, 10 ಮೀಟರ್ ವೈರ್ ಹಾಕಿದೆವು. ಗಾಡಿ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ವೈರ್ ದಪ್ಪದ್ದೇ ಇರಬೇಕು, ಸಣ್ಣದಾದರೆ ಬರೋ ಕರೆಂಟೆಲ್ಲ ವೈರ್ ಬಿಸಿ ಮಾಡೋಕೇ ಹೋಗುತ್ತೆ. ಚಾವಣಿಗೆ ಬಿಳಿ ಬಣ್ಣ ಹೊಡೆಸಿ, ಒಳಗೆ ಒಂದಿಂಚು ಫೋಮ್ ಕೂರಿಸಿ, ಕಿಟಕಿಗೆ ಬೆಳ್ಳಿ ಬಣ್ಣದ ಹಾಳೆ ಕತ್ತರಿಸಿ ಇಟ್ಟಿದ್ದೇವೆ. ಬಾಗಿಲಿಗೆ ಲಾವಂಚದ ಪರದೆ ಕಟ್ಟಿ ನೀರು ಚಿಮುಕಿಸುತ್ತೇನೆ. ಚಳ್ಳಕೆರೆ, ಜಗಳೂರಿನ ಒಣ ಗಾಳಿಗೆ ಅದು ಕೂಲರ್ ಇದ್ದ ಹಾಗೆ. ಇದೇ ಪರದೆ ಕಾರವಾರದಲ್ಲಿ ಕಟ್ಟಿದರೆ ಒಳಗೆ ಇನ್ನಷ್ಟು ಜಿಗುಟು, ಅಲ್ಲಿಯ ಗಾಳಿಯಲ್ಲೇ ನೀರು ತುಂಬಿರುತ್ತೆ, ಒದ್ದೆ ಬಟ್ಟೆ ಆರಿದರೆ ತಾನೇ ತಂಪಾಗೋದು.

ಇಷ್ಟೆಲ್ಲ ಮಾಡಿಯೂ ಗುಂಡನನ್ನು ಕಳೆದುಕೊಳ್ಳುವುದರಲ್ಲಿದ್ದೆವು. ಹೋದ ಮಾರ್ಚ್, ಹಿರಿಯೂರಿನಲ್ಲಿ ನೆಂಟರ ಮದುವೆ. ಛತ್ರದ ಹಿಂದೆ ದೊಡ್ಡ ಹುಣಸೆ ಮರ, ಬೆಳಗ್ಗೆ ಹತ್ತಕ್ಕೆ ಒಳ್ಳೇ ನೆರಳು. ಫ್ಯಾನ್ ಹಾಕಿ, ನೀರಿಟ್ಟು, ಇಬ್ಬರೂ ಒಳಗೆ ಹೋದೆವು. ಮರ ಅಲ್ಲೇ ಇತ್ತು, ನೆರಳು ಮಾತ್ರ ಹನ್ನೆರಡರ ಹೊತ್ತಿಗೆ ಪಕ್ಕದ ಕಾಂಪೌಂಡ್ ದಾಟಿ ಹೋಗಿತ್ತು. ಫ್ಯಾನಿನ ಫ್ಯೂಸ್ ಯಾವಾಗ ಹೋಯಿತೋ ಗೊತ್ತಿಲ್ಲ, ಗ್ಯಾರೇಜಿನವನು ಫ್ಯಾನಿಗೂ ನೀರಿನ ಪಂಪಿಗೂ ಒಂದೇ ಫ್ಯೂಸ್ ಹಾಕಿದ್ದ. ಊಟಕ್ಕೆ ಎಲೆ ಮುಂದೆ ಕೂತವಳಿಗೆ ಯಾಕೋ ಮನಸ್ಸು ತಡೆಯಲಿಲ್ಲ, ಪಾಯಸ ಬಡಿಸುತ್ತಿರುವಾಗಲೇ ಎದ್ದು ಬಂದೆ. ಒಳಗೆ 43 ಡಿಗ್ರಿ. ಮಿಂಚಿ ನೀರಿನ ಕ್ಯಾನಿಗೆ ಒರಗಿ ಮಲಗಿದ್ದಳು. ಗುಂಡನ ಬಾಯಿಂದ ಜೊಲ್ಲು ಗೋಂದಿನ ಹಾಗೆ ಇಳಿಯುತ್ತಿತ್ತು, ಒಸಡು ಕೆಂಪಗೆ, ಕರೆದರೆ ತಲೆ ಎತ್ತಲಿಲ್ಲ.

ಅಡುಗೆಯವರು ಐಸ್ ತಂದು ಸುರಿಯೋಕೆ ಬಂದರು, ಬೇಡ ಅಂದೆ. ಹಿಂದೊಮ್ಮೆ ಡಾಕ್ಟರು ಹೇಳಿದ್ದು ನೆನಪಿತ್ತು, ಐಸ್ ಬೇಡ, ಮಾಮೂಲಿ ನಲ್ಲಿ ನೀರು ಹೊಟ್ಟೆಗೆ, ತೊಡೆಸಂದಿಗೆ, ಪಾದಕ್ಕೆ ಹಾಕಿ ಗಾಳಿ ಬೀಸಬೇಕು. ಬಾಯಿಗೆ ಬಲವಂತವಾಗಿ ನೀರು ಹುಯ್ಯಬಾರದು. ತೋಯಿಸುತ್ತಲೇ ಒಬ್ಬರ ಕಾರಿನಲ್ಲಿ ಎಸಿ ಹಾಕಿಸಿಕೊಂಡು ಪಶು ಆಸ್ಪತ್ರೆಗೆ ಓಡಿದೆವು. ಡ್ರಿಪ್ ಹಾಕಿದರು. ಸಂಜೆ ಏಳಕ್ಕೆ ಎದ್ದು ನಿಂತ. ನಮ್ಮನೆಯವರು ಅವತ್ತು ರಾತ್ರಿ ಊಟ ಮಾಡಲಿಲ್ಲ.

ಅದಾದ ಮೇಲೆ ಎರಡು ಫ್ಯಾನ್, ಎರಡು ಬೇರೆ ಬೇರೆ ಫ್ಯೂಸ್. ಸಿಮ್ ಹಾಕೋ ಥರ್ಮಾಮೀಟರ್ ಒಂದಿದೆ, ಒಳಗೆ 32 ದಾಟಿದರೆ ಇಬ್ಬರ ಫೋನಿಗೂ ಕರೆ ಬರುತ್ತೆ. ಆದರೂ ಅದನ್ನು ನಂಬಿ ಇಬ್ಬರೂ ಒಟ್ಟಿಗೆ ಇಳಿದು ಹೋಗಲ್ಲ. ಹಗಲು ಹೊತ್ತು ಒಬ್ಬರು ಗಾಡಿಯಲ್ಲಿ ಇರಲೇಬೇಕು. ಚಿತ್ರದುರ್ಗದ ಕೋಟೆಗೂ ಹಾಗೇ ಹೋಗಿದ್ದು, ಪುರಾತತ್ವ ಇಲಾಖೆಯ ಸ್ಮಾರಕದೊಳಗೆ ಪ್ರಾಣಿ ತರೋ ಹಾಗಿಲ್ಲ, ಸರಿಯಾದ ನಿಯಮವೇ. ಬೆಳಗ್ಗೆ ನಾನು, ಸಂಜೆ ಅವರು. ಒನಕೆ ಕಿಂಡಿ ಮುಂದೆ ನಿಂತ ಇಬ್ಬರ ಫೋಟೋನೂ ಇದೆ, ಬೇರೆ ಬೇರೆ ಬಿಸಿಲಲ್ಲಿ.

ಮಿಂಚಿದು ಇನ್ನೊಂದು ಕಥೆ. ಚಿತ್ರದುರ್ಗದ ಹತ್ತಿರ ಹೈವೇ ಬಂಕಿನಲ್ಲಿ, ಗುಡ್ಡದ ಮೇಲೆ ಗಾಳಿ ಗಿರಣಿಗಳು ಕಾಣುತ್ತವಲ್ಲ ಆ ಕಡೆ, ರಾತ್ರಿ ಬಾಗಿಲು ಎಳೆದ ತಕ್ಷಣ ಲಾರಿ ಹಾರನ್ನಿಗೆ ಬೆದರಿ ಹಾರಿ ಹೋದಳು. ಟಾರ್ಚ್ ಹಿಡಿದು, ಹೆಸರು ಕೂಗಿ ಹನ್ನೆರಡರವರೆಗೆ ಹುಡುಕಿದ್ದೇ ತಪ್ಪು, ಬೆದರಿದ ಬೆಕ್ಕು ಗದ್ದಲಕ್ಕೆ ಇನ್ನೂ ಒಳಗೆ ಸೇರಿಕೊಳ್ಳುತ್ತೆ. ಬೇರೆ ಊರಲ್ಲಿ ತಪ್ಪಿಸಿಕೊಂಡ ಬೆಕ್ಕು ಬಹಳ ಸಲ ದೂರ ಹೋಗಲ್ಲ, ಹತ್ತಿರದ ಸಂದಿಯಲ್ಲೇ ಅವಿತಿರುತ್ತೆ. ಗಾಡಿ ಕದಲಿಸದೆ, ಅವಳ ಹಾಸಿಗೆ ಬಟ್ಟೆ ಹೊರಗೆ ಹಾಕಿ ಕೂತೆವು. ಬೆಳಗಿನ ಜಾವ ಪಂಕ್ಚರ್ ಅಂಗಡಿ ಹುಡುಗ ಬಂದು, "ಅಕ್ಕಾ, ನಿಮ್ ಬೆಕ್ಕು ಟೈರ್ ಒಳಗೈತೆ ನೋಡ್ರಿ, ಕೈ ಹಾಕಿದ್ರೆ ಪರಚ್ತೈತೆ" ಅಂದ. ಈಗ ಬಾಗಿಲ ಒಳಗೆ ಸೊಳ್ಳೆಪರದೆಯ ಇನ್ನೊಂದು ಬಾಗಿಲು ಇದೆ, ಕೊರಳಪಟ್ಟಿಯಲ್ಲಿ ನಮ್ಮ ನಂಬರ್ ಇದೆ, ಗಾಡಿ ಓಡುವಾಗ ಅವಳು ಬುಟ್ಟಿಯಲ್ಲೇ. ಘಾಟಿ ಇಳಿಯೋ ದಿನ ಹೊರಡೋ ಮೂರು ಗಂಟೆ ಮುಂಚೆಯೇ ಗುಂಡ, ಮಿಂಚಿ ಇಬ್ಬರಿಗೂ ಊಟ ಬಂದ್. ಆಗುಂಬೆಯ ತಿರುವುಗಳಲ್ಲಿ ಒಂದು ಸಲ ಕಲಿತ ಪಾಠ ಅದು, ವಿವರ ಬೇಡ.

ಹಳ್ಳಿಗಳಲ್ಲಿ ನಿಲ್ಲಿಸೋಕೆ ಇಲ್ಲ ಅಂದವರು ಕಮ್ಮಿ, ಆದರೆ ಕೇಳಿಯೇ ನಿಲ್ಲಿಸಬೇಕು. ಮೊದಲು ಎಲ್ಲರೂ ನಾವು ಏನೋ ಮಾರೋಕೆ ಬಂದಿದ್ದೇವೆ ಅಂದುಕೊಳ್ಳುತ್ತಾರೆ. ಸೂಳೆಕೆರೆ ಹತ್ತಿರ ಒಬ್ಬ ಅಜ್ಜ ಸಾಲು ನಿಂತೇಬಿಟ್ಟಿದ್ದರು, "ಬಿಪಿ, ಶುಗರ್ ನೋಡ್ತೀರೇನವ್ವಾ?" ಅಂತ. ನೀರಿನದು ಈಗ ಚಿಂತೆಯಿಲ್ಲ. ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತೆ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಜಾಸ್ತಿ, ಅದಕ್ಕೆ ಕುಡಿಯೋಕೆ ನಮಗೂ ಗುಂಡ, ಮಿಂಚಿಗೂ ಘಟಕದ ಈ ನೀರೇ. ಬೋರ್ ನೀರು ಪಾತ್ರೆಗೆ, ಸ್ನಾನಕ್ಕೆ.

ಗುಂಡನನ್ನು ರಾತ್ರಿ ಹೊರಗೆ ಕಟ್ಟೋ ಮಾತೇ ಇಲ್ಲ. ದುರ್ಗದ ಸುತ್ತಿನ ಗುಡ್ಡಗಳಲ್ಲಿ ಚಿರತೆ ಇವೆ, ಚಿರತೆಗೆ ನಾಯಿ ಅಂದರೆ ಸುಲಭದ ಊಟ. ಊರ ನಾಯಿಗಳ ಗುಂಪು ಬಂದರೆ ಅವನನ್ನು ಮೊದಲ ದಿನ ಇಳಿಸೋದೇ ಇಲ್ಲ. ಅವು ಬಂದು ಚಕ್ರಕ್ಕೆಲ್ಲ ಕಾಲೆತ್ತಿ ಸಹಿ ಹಾಕಿ ಹೋಗಲಿ, ಮಾರನೇ ದಿನ ಜಗಳ ಕಮ್ಮಿ.

ನಾಯಿ ಮೈಗೆ ಹತ್ತೋ ಉಣ್ಣೆ ಹುಳದ ಬಗ್ಗೆ ಒಂದು ಮಾತು, ಇದನ್ನು ನಾಯಿ ಬೆಕ್ಕು ಎರಡೂ ಸಾಕಿದವರು ಗಮನಿಸಿ. ತೀರ್ಥಹಳ್ಳಿ ಕಡೆ ಸುತ್ತಿ ಬಂದ ಮೇಲೆ ಗುಂಡನಿಗೆ ಜ್ವರ, ಊಟ ಬಿಟ್ಟ, ಒಸಡು ಬಿಳಚಿಕೊಂಡಿತು. ದಾವಣಗೆರೆಯಲ್ಲಿ ರಕ್ತ ನೋಡಿ ಉಣ್ಣೆ ಜ್ವರ ಅಂದರು, ನಾಲ್ಕು ವಾರ ಮಾತ್ರೆ. ಆಮೇಲೆ ಅಂಗಡಿಯವನೊಬ್ಬ ನಾಯಿ ಬೆನ್ನಿಗೆ ಹಚ್ಚೋ ಔಷಧ ಕೊಟ್ಟ. ಪುಣ್ಯಕ್ಕೆ ಡಬ್ಬಿ ಮೇಲಿನ ಸಣ್ಣ ಅಕ್ಷರ ಓದಿದೆ, ಪರ್ಮೆಥ್ರಿನ್ ಅಂತಿತ್ತು. ನಾಯಿಗೆ ಅದು ಔಷಧ, ಬೆಕ್ಕಿಗೆ ವಿಷ. ಮನೆಯಾದರೆ ಬೇರೆ ಕೋಣೆಯಲ್ಲಿ ಇಡಬಹುದು. ನಮ್ಮಲ್ಲಿ ಮಿಂಚಿ ಮಲಗೋದೇ ಗುಂಡನ ಬೆನ್ನ ಮೇಲೆ. ಈಗ ಡಾಕ್ಟರನ್ನು ಕೇಳಿ ಗುಂಡನಿಗೆ ನುಂಗೋ ಮಾತ್ರೆ ಕೊಡುತ್ತೇವೆ. ರೇಬೀಸ್ ಚುಚ್ಚುಮದ್ದಿನ ಕಾರ್ಡು ಆರ್‌ಸಿ ಜೊತೆಯಲ್ಲೇ ಇರುತ್ತೆ.

ಖರ್ಚು ಕೇಳುತ್ತಾರೆ. ತಿಂಗಳಿಗೆ ಸಾವಿರ ಕಿಲೋಮೀಟರ್ ದಾಟಲ್ಲ, ಲೀಟರಿಗೆ ಹತ್ತು ಕೊಡುತ್ತೆ. ಹಾಗಾಗಿ ಡೀಸೆಲ್ ಒಂಬತ್ತು ಸಾವಿರದ ಆಸುಪಾಸು. ಉಳಿದಿದ್ದು ಮನೆಯಲ್ಲಿದ್ದರೆ ಆಗೋ ಖರ್ಚೇ.

ಮೇ ತಿಂಗಳಲ್ಲಿ ದಾವಣಗೆರೆಯಲ್ಲೇ ನನ್ನ ತಂಗಿ ಮಗಳ ಮದುವೆ ಇದೆ. ತಂಗಿ ಆಗಲೇ ಫೋನ್ ಮಾಡಿ, "ಅಕ್ಕ, ಈ ಸಲನಾದ್ರೂ ಇಬ್ರೂ ಜೊತೆಗೆ ಬರ್ರಿ, ಫೋಟೋದಾಗೆ ಒಬ್ರೇ ಇದ್ರೆ ಜನ ಏನಂತಾರೆ" ಅಂದಳು. ಹೂಂ ಅಂದಿದ್ದೇನೆ. ಧಾರೆಗೆ ನಾನು, ಊಟಕ್ಕೆ ಅವರು ಅಂತ ಗಾಡಿಯಲ್ಲಿ ಆಗಲೇ ಮಾತಾಗಿದೆ.