ಊರ ಕಣದಲ್ಲಿ ಸಿನಿಮಾ: ಮೊದಲು ಪರದೆ ಬಿಗಿಯಲಿ

ಸುರಪುರ ಸೀಮೆಯ ಹಳ್ಳಿಯೊಂದರಲ್ಲಿ, ರೊಟ್ಟಿ ಬಡಿದಿಟ್ಟು ಮಕ್ಕಳನ್ನು ಎತ್ತಿಕೊಂಡು ಸಿನಿಮಾ ನೋಡಲು ಬಂದಿದ್ದ ಹೆಂಗಸರು ಅರ್ಧಕ್ಕೇ ಎದ್ದು ಹೋದದ್ದನ್ನು ಕಂಡಿದ್ದೇನೆ. ನಾಲ್ಕು ಮೂಲೆಗೆ ಮಾತ್ರ ಕಟ್ಟಿದ್ದ ಪರದೆ ಗಾಳಿಗೆ ಹರಿದಿತ್ತು. ಬಯಲಿನ ಪ್ರದರ್ಶನ ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಸಿನಿಮಾದ ಹಕ್ಕು ಹೊಂದಿದವರಿಂದ ಲಿಖಿತ ಅನುಮತಿ ಪಡೆಯಿರಿ. ಮನೆಯಲ್ಲಿ ನೋಡಲು ಕಟ್ಟಿದ ಚಂದಾ ಊರಿಗೆಲ್ಲ ತೋರಿಸಲು ಸಲ್ಲುವುದಿಲ್ಲ.

ಸುಣ್ಣ ಬಳಿದ ನುಣುಪು ಗೋಡೆ ಸಿಕ್ಕರೆ ಬಟ್ಟೆಯ ಗೊಡವೆಯೇ ಬೇಡ. ತೊಗರಿ ರಾಶಿ ಮುಗಿದ ಕಣವಾದರೆ, ಸಂಜೆಯ ಗಾಳಿ ಎತ್ತಣಿಂದ ಬೀಸುತ್ತದೆ ಎಂದು ಅಲ್ಲಿ ರಾಶಿ ತೂರಿದ ಹಿರಿಯರನ್ನೇ ಕೇಳಿ. ಗಾಳಿ ಪರದೆಯ ಎದೆಗೆ ಬಡಿಯದೆ ಪಕ್ಕದಿಂದ ಸರಿದು ಹೋಗಬೇಕು.

12 ಅಡಿ ಅಗಲಕ್ಕೆ ಸುಮಾರು 7 ಅಡಿ ಎತ್ತರದ ದಪ್ಪ ಬಿಳಿ ಬಟ್ಟೆ ಸಾಕು. ಅಂಚನ್ನು ಎರಡು ಮಡಿಕೆ ಹೊಲಿಸಿ, ಅಡಿಗೊಂದರಂತೆ ಹಿತ್ತಾಳೆ ರಿಂಗು ಹಾಕಿಸಿ. ಎರೆ ನೆಲ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಂಬವನ್ನು ಸಡಿಲಿಸುತ್ತದೆ. ಆದ್ದರಿಂದ ಗಟ್ಟಿ ಗರಸು ನೆಲವನ್ನೇ ಹುಡುಕಿ, ಕಂಬಗಳನ್ನು ಎರಡಡಿ ಹೂಳಿ, ಪ್ರತಿ ಕಂಬಕ್ಕೂ ಹಿಂದೊಂದು ಮುಂದೊಂದು ಹಗ್ಗ ಎಳೆದು ಗೂಟಕ್ಕೆ ಕಟ್ಟಿ. ಕತ್ತಲಲ್ಲಿ ಮಕ್ಕಳು ಎಡವದಂತೆ ಹಗ್ಗಕ್ಕೆ ಬಿಳಿ ಚಿಂದಿ ಸುತ್ತಿ. ರಿಂಗುಗಳನ್ನು ಕಂಬಗಳ ಚೌಕಟ್ಟಿಗೆ ಕಟ್ಟಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳೇ ಬೇಕು, ಸುತಳಿ ಬೇಡ. ಗಾಳಿ ಜೋರಾದಾಗ ರಬ್ಬರು ಹಿಗ್ಗುತ್ತದೆ, ಮತ್ತೆ ತಾನೇ ಬಿಗಿಯುತ್ತದೆ, ಬಟ್ಟೆ ಉಳಿಯುತ್ತದೆ. ಗಾಳಿ ಹೋಗಲೆಂದು ಪರದೆಗೆ ತೂತು ಕೊರೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ನಾಯಕಿಯ ಮುಖದ ಮೇಲೆ ಆ ತೂತುಗಳೇ ಕಾಣುತ್ತವೆ. ಪರದೆಯ ಕೆಳ ಅಂಚು ನೆಲದಿಂದ ಮೂರೂವರೆ ಅಡಿ ಮೇಲಿದ್ದರೆ ಜಮಖಾನೆಯ ಮೇಲೆ ಹಿಂದೆ ಕುಳಿತವರಿಗೂ ಚಿತ್ರ ಪೂರ್ತಿ ಕಾಣುತ್ತದೆ.

ಪ್ರೊಜೆಕ್ಟರನ್ನು ಬಾಡಿಗೆಗೆ ತನ್ನಿ. ಅಗ್ಗದ ಪುಟ್ಟ ಪ್ರೊಜೆಕ್ಟರುಗಳ ಪೆಟ್ಟಿಗೆಯ ಮೇಲಿನ ಲುಮೆನ್ ಲೆಕ್ಕವನ್ನು, ಅಂದರೆ ಬೆಳಕಿನ ಅಳತೆಯನ್ನು, ನಂಬಬೇಡಿ. ನಿಗದಿತ ಮಾನದಂಡದಂತೆ ಅಳೆದ ಎಎನ್‌ಎಸ್‌ಐ ಲುಮೆನ್ 3000 ಇದೆಯೇ ಎಂದು ಕೇಳಿ ಪಡೆಯಿರಿ.

ಮೈಕಿನವರು ಕಹಳೆಯಂಥ ಹಾರ್ನ್ ತಂದರೆ ಒಪ್ಪಬೇಡಿ, ಅದರಲ್ಲಿ ಮಾತು ತಗಡಿನ ಸದ್ದಾಗುತ್ತದೆ. ಪರದೆಯ ಎರಡೂ ಬದಿಗೆ ಒಂದೊಂದು ಪೆಟ್ಟಿಗೆ ಸ್ಪೀಕರನ್ನು ಜನರ ತಲೆಗಿಂತ ಮೇಲೆ ಇಡಿಸಿ.

ಮೇ ತಿಂಗಳಲ್ಲಿ ಏಳೂವರೆಗೆ ಮೊದಲು ಚಿತ್ರ ಮಸುಕು. ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಹೀಗಾಗಿ ಎರಡು ಗಂಟೆಯೊಳಗಿನ ಸಿನಿಮಾವನ್ನೇ ಆರಿಸಿ. ಮುಗಿದ ಮೇಲೆ ಪ್ರೊಜೆಕ್ಟರಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ವಿದ್ಯುತ್ ಕೀಳಬೇಡಿ.